ನೆಲದಡಿಯ ಇಂಧನ ಟ್ಯಾಂಕ್ ಸೋರಿಕೆ: ಮಣ್ಣಿನಲ್ಲಿ, ಅಂತರ್ಜಲದಲ್ಲಿ ಪತ್ತೆ ಹಚ್ಚುವುದು ಹೇಗೆ

ದೂರು ಸಾಮಾನ್ಯವಾಗಿ ಮೂರು ರೂಪದಲ್ಲಿ ಬರುತ್ತದೆ. ಬಾವಿ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಇಲ್ಲವೇ ತಿಂಗಳ ಲೆಕ್ಕದಲ್ಲಿ ಇಂಧನ ಕಡಿಮೆ ಬೀಳುತ್ತದೆ. ಅದೂ ಅಲ್ಲದಿದ್ದರೆ ಹತ್ತಿರದ ಚರಂಡಿಯಲ್ಲೋ ಹಳ್ಳದಲ್ಲೋ ಬಣ್ಣಬಣ್ಣದ ಎಣ್ಣೆ ಪದರ ತೇಲುತ್ತದೆ. ಯಾವುದು ಬಂದರೂ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ: ಬೋರ್ ಯಂತ್ರ ಕರೆಸಿ ಕೊರೆದು ನೋಡೋಣ. ಸ್ವಲ್ಪ ತಡೆಯಿರಿ. ಕೊರೆಯುವುದು ಈ ಕೆಲಸದ ನಡುವೆ ಬರುವ ಹಂತ. ಇಂಧನ ನಿಜಕ್ಕೂ ಕಾಣೆಯಾಗಿದೆಯಾ, ಎಲ್ಲಿಂದ ಹೋಯಿತು, ಯಾವ ದಾರಿ ಹಿಡಿಯಿತು, ಎಲ್ಲಿವರೆಗೆ ಮುಟ್ಟಿದೆ ಎಂಬ ಕ್ರಮದಲ್ಲೇ ಹೋಗಬೇಕು. ಪರೀಕ್ಷೆ ಸರಿಯಾಗಿದ್ದು, ಮಾಡಿದ ಜಾಗ ತಪ್ಪಾಗಿದ್ದರೆ ಬರುವ ವರದಿ ತುಂಬಾ ಅಪಾಯಕಾರಿ. ಕಾಗದದ ಮೇಲೆ ಎಲ್ಲ ಸ್ವಚ್ಛವಾಗಿ ಕಾಣುತ್ತದೆ.

ಮೊದಲು ಆವಿ, ಆಮೇಲೆ ತನಿಖೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ತಗ್ಗು ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ನೆಲಮಾಳಿಗೆ, ಮ್ಯಾನ್‌ಹೋಲ್, ಕೇಬಲ್ ಗುಂಡಿ, ತೆರೆದ ಬಾವಿಯ ಒಳಭಾಗ ಎಲ್ಲವೂ ಅದಕ್ಕೆ ಇಷ್ಟದ ಜಾಗಗಳೇ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ 1.4 ಮುಟ್ಟಿದರೆ ಒಂದು ಕಿಡಿ ಸಾಕು. ಇಂಥ ಕಡೆ ವಾಸನೆ ಬಂದರೆ ಜನರನ್ನು ಹೊರಗೆ ಕಳುಹಿಸಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಅಗ್ನಿಶಾಮಕ ದಳಕ್ಕೆ ಹೇಳಿ. ಆವಿ ಅಳೆಯುವ ಮೀಟರ್ ಇಲ್ಲದೆ ಯಾವ ಗುಂಡಿಗೂ ಇಳಿಯಬಾರದು.

ಬಾವಿಯ ಬಗ್ಗೆ ಅನುಮಾನ ಬಂದರೆ, ವರದಿ ಕೈಗೆ ಸಿಗುವವರೆಗೆ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಬಾರದು. ಕುದಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕುದಿಸಿದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ನೀರಿನಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅಷ್ಟೇ. ಬಿಸಿನೀರಿನ ಸ್ನಾನಕ್ಕೂ ಇದೇ ಮಾತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಮೂಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ 'ವಾಸನೆ ಇಲ್ಲವಲ್ಲ, ನೀರು ಚೆನ್ನಾಗಿದೆ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಲೆಕ್ಕದ ರಿಜಿಸ್ಟರ್ ತೆರೆಯಿರಿ

ಸೋರಿಕೆ ಹುಡುಕಲು ಇರುವ ಅತಿ ಅಗ್ಗದ ಸಾಧನ ಡಿಪ್ ಕಡ್ಡಿ (ಟ್ಯಾಂಕಿಗೆ ಇಳಿಸಿ ಮಟ್ಟ ಅಳೆಯುವ ಕಡ್ಡಿ) ಮತ್ತು ದಿನದ ರಿಜಿಸ್ಟರ್. ಬೆಳಗಿನ ದಾಸ್ತಾನು, ಬಂದ ಲೋಡ್, ಹೋದ ಮಾಲು, ಸಂಜೆಯ ಡಿಪ್. ಕೆಲವು ತಿಂಗಳ ಲೆಕ್ಕ ತೆಗೆದು ಪ್ರತಿದಿನದ ವ್ಯತ್ಯಾಸ ಬರೆದುಕೊಳ್ಳಿ. ಒಂದು ದಿನ 40 ಲೀಟರ್ ಕಡಿಮೆ, ಮರುದಿನ 35 ಲೀಟರ್ ಜಾಸ್ತಿ ಬಂದರೆ ತಲೆಕೆಡಿಸಿಕೊಳ್ಳಬೇಡಿ. ದೊಡ್ಡ ಟ್ಯಾಂಕಿನ ನಡುಮಟ್ಟದಲ್ಲಿ ಕಡ್ಡಿಯ 1 ಮಿಲಿಮೀಟರ್ ಎಂದರೆ ಹತ್ತಿರ ಹತ್ತಿರ 10 ಲೀಟರ್ ಆಗಬಹುದು. ಓದುವುದರಲ್ಲಿ ಏರುಪೇರು ಇದ್ದೇ ಇರುತ್ತದೆ. ವ್ಯತ್ಯಾಸಗಳನ್ನು ಒಂದರ ಮೇಲೊಂದು ಕೂಡುತ್ತಾ ಹೋಗಿ ಗೆರೆ ಎಳೆಯಿರಿ. ಗೆರೆ ಮೇಲೆ ಕೆಳಗೆ ಆಡುತ್ತಿದ್ದರೆ ಅಳತೆಯ ತೊಡಕು. ಒಂದೇ ಸಮ ಇಳಿಯುತ್ತಿದ್ದರೆ ಏನೋ ಇದೆ.

ಇಳಿಯುತ್ತಿದ್ದರೂ ತಕ್ಷಣ ಟ್ಯಾಂಕನ್ನು ದೂರಬೇಡಿ. ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು ಶೇ 0.1ರಷ್ಟು ಕುಗ್ಗುತ್ತದೆ. ಟ್ಯಾಂಕರ್‌ನಲ್ಲಿ 35 ಡಿಗ್ರಿ ಇದ್ದ 10,000 ಲೀಟರ್ ಮಾಲು ನೆಲದಡಿ 27 ಡಿಗ್ರಿಗೆ ಬಂದರೆ ಸುಮಾರು 80 ಲೀಟರ್ ಮಾಯ. ಒಂದು ಹನಿಯೂ ಸೋರಿರುವುದಿಲ್ಲ.

ಇದನ್ನೆಲ್ಲ ಕಳೆದ ಮೇಲೂ ನಷ್ಟ ಉಳಿದರೆ ಅದು ಯಾವ ದಿನ, ಎಷ್ಟು ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮಾರಾಟವಿರಲಿ ಬಿಡಲಿ, ರಜೆಯ ದಿನವೂ ಅಷ್ಟೇ ಇಳಿಯುತ್ತಿದೆ ಎಂದರೆ ಅನುಮಾನ ಟ್ಯಾಂಕಿನ ಮೇಲೆ.

ಮಾರಾಟ ಜಾಸ್ತಿ ಇದ್ದ ದಿನ ನಷ್ಟವೂ ಜಾಸ್ತಿ ಎಂದರೆ ಪೈಪ್‌ಲೈನ್ ಅಥವಾ ಮಾಲು ಅಳೆದು ಕೊಡುವ ಮೀಟರ್. ಟ್ಯಾಂಕಿನೊಳಗೇ ಪಂಪ್ ಇದ್ದು ಒತ್ತಡದಿಂದ ತಳ್ಳುವ ಲೈನ್‌ಗಳಲ್ಲಿ ಪಂಪ್ ಓಡುವಾಗಲೇ ಸೋರಿಕೆ ಜೋರು. ಮೇಲಿನಿಂದ ಎಳೆಯುವ ಲೈನ್ ಆದರೆ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ. ಪಂಪ್ ತಡವರಿಸುತ್ತದೆ, ಇಂಧನ ತಡವಾಗಿ ಬರುತ್ತದೆ. ಅಳತೆ ಕ್ಯಾನ್ ಇಟ್ಟು ಮೀಟರ್ ಸರಿಯಿದೆಯಾ ಎಂದು ಮೊದಲು ನೋಡಿಬಿಡಿ. ಐದು ನಿಮಿಷದ ಕೆಲಸ.

ಲೋಡ್ ಬಂದ ದಿನ ಮಾತ್ರ ವ್ಯತ್ಯಾಸ ಬಂದರೆ ಕಡಿಮೆ ತುಂಬಿಸಿದ್ದಾರೆ, ಇಲ್ಲವೇ ತುಂಬಿಸುವಾಗ ಬಾಯಿಯ ಬಳಿ ಚೆಲ್ಲುತ್ತಿದೆ. ಈ ಚೆಲ್ಲುವಿಕೆಯನ್ನು ಸಣ್ಣದೆಂದು ಬಿಡಬೇಡಿ. ವರ್ಷಗಟ್ಟಲೆ ಪ್ರತಿ ಲೋಡ್‌ಗೂ ಸ್ವಲ್ಪ ಸ್ವಲ್ಪ ಚೆಲ್ಲಿದರೆ, ಟ್ಯಾಂಕಿನಲ್ಲಿ ತೂತೇ ಇಲ್ಲದೆ ಅಂತರ್ಜಲ ಕೆಡುತ್ತದೆ.

ನನಗೆ ಇಷ್ಟವಾದ ಸುಳಿವು ಇನ್ನೊಂದಿದೆ. ಟ್ಯಾಂಕ್ ತುಂಬಿದ್ದಾಗ ನಷ್ಟ ಕಾಣುತ್ತದೆ, ಮಟ್ಟ ಒಂದು ಎತ್ತರಕ್ಕೆ ಇಳಿದ ಮೇಲೆ ನಿಂತುಬಿಡುತ್ತದೆ. ಹಾಗಿದ್ದರೆ ತೂತು ಆ ಎತ್ತರದಲ್ಲೇ ಇದೆ ಎಂದು ಹೇಳಬಹುದು. ಗೋಡೆಯಲ್ಲಿರಬಹುದು, ಮೇಲ್ಭಾಗದ ಜೋಡಣೆಯಲ್ಲಿರಬಹುದು.

ನೀರಿನ ಕಡೆಯೂ ಗಮನ ಇರಲಿ. ಅಂತರ್ಜಲ ಟ್ಯಾಂಕಿನ ತಳಕ್ಕಿಂತ ಮೇಲಿದ್ದರೆ ಇಂಧನ ಹೊರಗೆ ಹೋಗುವ ಬದಲು ನೀರು ಒಳಗೆ ಬರಬಹುದು. ಕಡ್ಡಿಯ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಇಳಿಸಿ. ಮಳೆ ಬಂದ ಕೂಡಲೇ ನೀರು ಏರಿದರೆ ಮುಚ್ಚಳದಿಂದ ಇಳಿದಿರಬಹುದು. ಮಳೆ ನಿಂತ ಮೇಲೂ ದಿನದಿನಕ್ಕೆ ಏರುತ್ತಿದ್ದರೆ ತಳದಲ್ಲಿ ತೂತು. ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಎಚ್ಚರ. ನೀರು ಎಥನಾಲನ್ನು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗುತ್ತದೆ. ಹಳೆ ಪೇಸ್ಟ್ ಅದನ್ನು ಸರಿಯಾಗಿ ತೋರಿಸದೇ ಇರಬಹುದು. ಎಥನಾಲ್ ಮಿಶ್ರಣಕ್ಕೆಂದೇ ಮಾಡಿದ ಪೇಸ್ಟ್ ಬಳಸಿ.

ರಿಜಿಸ್ಟರ್‌ಗೂ ಮಿತಿ ಇದೆ. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ಸುಮಾರು 4 ಲೀಟರ್. ಯಾವ ಡಿಪ್ ಕಡ್ಡಿಗೂ ಅದು ಕಾಣುವುದಿಲ್ಲ. ವರ್ಷಕ್ಕೆ 1,500 ಲೀಟರ್ ಮಣ್ಣಿಗೆ ಸೇರಿರುತ್ತದೆ. ಆದ್ದರಿಂದ ಲೆಕ್ಕ ಸರಿಹೊಂದಿದೆ ಎನ್ನುವುದು ಸೋರಿಕೆ ಇಲ್ಲ ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ತೂತು ಎಲ್ಲಿ?

ಇಲ್ಲಿ ಬಿಗಿತನದ ಪರೀಕ್ಷೆ ಬೇಕು, ಅಂದರೆ ಟ್ಯಾಂಕ್, ಪೈಪ್ ಸೋರದೆ ಬಿಗಿಯಾಗಿವೆಯಾ ಎಂದು ನೋಡುವ ಪರೀಕ್ಷೆ. ಅಮೆರಿಕದ ನಿಯಮದಲ್ಲಿ ಟ್ಯಾಂಕ್ ಪರೀಕ್ಷೆ ಗಂಟೆಗೆ 0.1 ಗ್ಯಾಲನ್, ಅಂದರೆ ಸುಮಾರು 0.38 ಲೀಟರ್ ಸೋರಿಕೆಯನ್ನು ಹಿಡಿಯುವಂತಿರಬೇಕು. ಬೇರೆ ಕಡೆಯೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಟ್ಯಾಂಕನ್ನೂ ಪೈಪ್‌ಲೈನನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. 'ಟ್ಯಾಂಕ್ ಪಾಸ್' ಎಂದು ಬರೆದ ಹಾಳೆ ಹಿಡಿದು ಸೋರಿಕೆಯೇ ಇಲ್ಲ ಎಂದು ವಾದಿಸುವವರು ತುಂಬಾ ಜನ. ಪೈಪ್ ಜೋಡಣೆಗಳು ಸೋರುವುದು ಏನೂ ಅಪರೂಪವಲ್ಲ. ಇನ್ನೊಂದು ಪ್ರಶ್ನೆ ಕೇಳಿ: ಪರೀಕ್ಷೆಯ ದಿನ ಟ್ಯಾಂಕಿನಲ್ಲಿ ಇಂಧನ ಎಷ್ಟಿತ್ತು? ಅರ್ಧ ತುಂಬಿಸಿ ಮಟ್ಟ ಅಳೆದಿದ್ದರೆ ಮೇಲಿನ ಅರ್ಧವನ್ನು ಯಾರೂ ನೋಡೇ ಇಲ್ಲ.

ಉಕ್ಕಿನ ಟ್ಯಾಂಕ್ ಆದರೆ ತುಂಬಿಸುವ ಪೈಪಿನ ನೇರ ಕೆಳಗಿನ ಜಾಗವನ್ನು ಮರೆಯಬೇಡಿ. ವರ್ಷಾನುಗಟ್ಟಲೆ ಡಿಪ್ ಕಡ್ಡಿಯ ತುದಿ ಅದೇ ಜಾಗಕ್ಕೆ ಬಡಿದು ಬಡಿದು ತಳ ಸವೆಯುತ್ತದೆ. ಅಲ್ಲಿ ದಪ್ಪ ತಟ್ಟೆ ಇಡುವುದು ಇದೇ ಕಾರಣಕ್ಕೆ. ಉಳಿದಂತೆ ಪಂಪ್ ಯಂತ್ರದ ಬುಡ, ಬಾಗುವ ಪೈಪ್ ಜೋಡಣೆ, ತುಂಬಿಸುವ ಬಾಯಿಯ ಸುತ್ತಲಿನ ತೊಟ್ಟಿ. ಡಬಲ್ ಗೋಡೆಯ ಟ್ಯಾಂಕ್ ಆದರೆ ಎರಡು ಗೋಡೆಗಳ ನಡುವಿನ ಜಾಗದಲ್ಲಿ ಏನಿದೆ ನೋಡಿ. ಇಂಧನವಿದ್ದರೆ ಒಳಗೋಡೆ ಸೋರಿದೆ. ನೀರಿದ್ದರೆ ಹೊರಗೋಡೆಯ ಮೇಲೆ ಅನುಮಾನ ಪಡಿ.

ಸೋರಿದ್ದು ಎಲ್ಲಿಗೆ ಹೋಗುತ್ತದೆ

ಇಂಧನ ಮೊದಲು ನೇರ ಕೆಳಕ್ಕೆ ಇಳಿಯುತ್ತದೆ. ದಾರಿಯಲ್ಲಿ ಮಣ್ಣಿನ ಸಂದುಗಳಲ್ಲಿ ಒಂದಷ್ಟು ಸಿಕ್ಕಿಕೊಂಡು ಉಳಿಯುತ್ತದೆ. ಜೇಡಿಮಣ್ಣಿನ ಪದರ ಅಡ್ಡ ಬಂದರೆ ಅದರ ಮೇಲೆ ಪಕ್ಕಕ್ಕೆ ಹರಡುತ್ತದೆ. ಅಂತರ್ಜಲ ಸಿಕ್ಕಿದ ಮೇಲೆ ತೇಲುತ್ತದೆ. ಪೆಟ್ರೋಲಿನ ಸಾಂದ್ರತೆ 0.72ರಿಂದ 0.78, ಡೀಸೆಲಿನದು 0.82ರಿಂದ 0.86. ಎರಡೂ ನೀರಿಗಿಂತ ಹಗುರ. ತೇಲುವ ಪದರದಿಂದ ಬೆಂಜೀನ್, ಟಾಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್‌ಗಳು ನೀರಿಗೆ ಕರಗುತ್ತಾ ಹರಿವಿನ ಜೊತೆ ಹೊರಡುತ್ತವೆ. ಆವಿ ಮಾತ್ರ ಸುಲಭದ ದಾರಿ ಹಿಡಿದು ಎತ್ತ ಬೇಕಾದರೂ ಹೋಗುತ್ತದೆ. ಹೀಗೆ ಒಂದು ಸೋರಿಕೆಗೆ ನಾಲ್ಕು ರೂಪ. ಒಂದು ರೂಪ ಸಿಗಲಿಲ್ಲ ಎಂದರೆ ಉಳಿದ ಮೂರೂ ಇಲ್ಲ ಎಂದು ಅರ್ಥವಲ್ಲ.

ಟ್ಯಾಂಕ್ ಹೂಳಿದ ಗುಂಡಿಯನ್ನು ಸಾಮಾನ್ಯವಾಗಿ ಮರಳು ಅಥವಾ ಸಣ್ಣ ಜಲ್ಲಿಯಿಂದ ತುಂಬಿರುತ್ತಾರೆ. ಸುತ್ತ ಜೇಡಿಮಣ್ಣಿದ್ದರೆ ಆ ಗುಂಡಿ ಸ್ನಾನದ ತೊಟ್ಟಿಯ ಹಾಗೆ. ಸೋರಿದ್ದು ಅದರಲ್ಲೇ ನಿಲ್ಲುತ್ತದೆ. ತುಂಬಿ ತುಳುಕಿದಾಗ ತಗ್ಗಿರುವ ಅಂಚಿನಿಂದ ಹೊರಡುತ್ತದೆ. ಆ ಅಂಚು ಹಲವು ಸಲ ಪೈಪ್ ಹಾಕಲು ತೋಡಿದ ಕಾಲುವೆಯೇ ಆಗಿರುತ್ತದೆ. ಒಳಚರಂಡಿ, ನೀರಿನ ಪೈಪ್, ಕೇಬಲ್ ಯಾವುದರ ಕಾಲುವೆಯಾದರೂ ಸರಿ, ಅಲ್ಲಿನ ಮಣ್ಣು ಸಡಿಲ. ಅಂತರ್ಜಲದ ಹರಿವು ಪೂರ್ವಕ್ಕಿದ್ದರೂ ಇಂಧನ ಕಾಲುವೆ ಹಿಡಿದು ಉತ್ತರಕ್ಕೆ ಹೋಗಬಹುದು. ಅದಕ್ಕೇ ಕೊರೆಯುವ ಮುನ್ನ ನೆಲದಡಿಯ ಎಲ್ಲ ಪೈಪ್, ಕೇಬಲ್‌ಗಳ ನಕ್ಷೆ ಕೈಯಲ್ಲಿರಬೇಕು. ಜೊತೆಗೆ ಕೊರೆಯುವಾಗ ಕೇಬಲ್ ಕತ್ತರಿಸುವ ಅನಾಹುತವೂ ತಪ್ಪುತ್ತದೆ.

ಗಟ್ಟಿ ಬಂಡೆಯ ನೆಲದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಹರಿವು ಬಿರುಕುಗಳಲ್ಲಿ. 10 ಮೀಟರ್ ದೂರದ ಬಾವಿ ಸ್ವಚ್ಛ, 150 ಮೀಟರ್ ದೂರದ್ದು ಕೆಟ್ಟಿದೆ ಎಂದರೆ ಆಶ್ಚರ್ಯವಿಲ್ಲ.

ಮಣ್ಣು ಕೊರೆಯುವಾಗ

ಮೊದಲ ಕೊರೆತಗಳು ಅನುಮಾನದ ಜಾಗದ ಪಕ್ಕದಲ್ಲೇ ಇರಲಿ: ಟ್ಯಾಂಕಿನ ತುದಿಗಳು, ಪೈಪ್ ತಿರುವು, ಪಂಪ್ ಬುಡ. ಅಂಗಳದಲ್ಲಿ ಚೌಕ ಚೌಕವಾಗಿ ಗುರುತು ಹಾಕಿ ಕೊರೆಯುವುದು ನೋಡಲು ಚೆನ್ನ, ಆದರೆ ಹಣ ದಂಡ. ಟ್ಯಾಂಕಿನ ತಳಕ್ಕಿಂತ ಆಳಕ್ಕೆ, ಸಾಧ್ಯವಾದರೆ ಅಂತರ್ಜಲದವರೆಗೆ ಹೋಗಿ. ಮೇಲಿನ ಒಂದು ಮೀಟರ್ ಮಣ್ಣು ಸ್ವಚ್ಛವಾಗಿದೆ ಎಂದು ನಿಲ್ಲಿಸಿದರೆ ಏನೂ ತಿಳಿದ ಹಾಗಾಗಲಿಲ್ಲ. ಟ್ಯಾಂಕ್ ಇರುವುದೇ ಅದರ ಕೆಳಗೆ ಅಲ್ವಾ.

ಪ್ರತಿ ಆಳದ ಮಣ್ಣನ್ನು ಚೀಲಕ್ಕೆ ಅರ್ಧ ತುಂಬಿ, ಬಾಯಿ ಮುಚ್ಚಿ, ಹಿಸುಕಿ, ಕೆಲವು ನಿಮಿಷ ಬಿಟ್ಟು ಆವಿ ಮೀಟರ್ ಚುಚ್ಚಿ ಓದುತ್ತಾರೆ. ಈ ಕೆಲಸದವರು ಆ ಮೀಟರನ್ನು ಪಿಐಡಿ ಎನ್ನುತ್ತಾರೆ. ಯಾವ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಎಂದು ಆರಿಸಲು ಅದು ಬಹಳ ಚೆನ್ನ. ಅದರ ಸಂಖ್ಯೆಯನ್ನೇ ಫಲಿತಾಂಶ ಎಂದು ಬರೆಯುವುದು ತಪ್ಪು. ಡೀಸೆಲ್ ಆವಿ ಕಡಿಮೆ, ಹಾಗಾಗಿ ಡೀಸೆಲ್‌ನಲ್ಲಿ ನೆಂದ ಮಣ್ಣೂ ಸಣ್ಣ ಸಂಖ್ಯೆ ತೋರಿಸುತ್ತದೆ. ತಣ್ಣನೆಯ ಒದ್ದೆ ಜೇಡಿಮಣ್ಣಿನಲ್ಲಿ ಇನ್ನೂ ಕಡಿಮೆ. ಪಿಐಡಿಯೊಳಗೆ ಸಾಮಾನ್ಯವಾಗಿ ಬಳಸುವ 10.6 ಎಲೆಕ್ಟ್ರಾನ್ ವೋಲ್ಟ್ ನೇರಳಾತೀತ ದೀಪಕ್ಕೆ ಮೀಥೇನ್ ಕಾಣುವುದೇ ಇಲ್ಲ. ಮೀಥೇನ್ ಜಾಸ್ತಿ ಇದ್ದರೆ ಉಳಿದವುಗಳ ಓದೂ ತಗ್ಗುತ್ತದೆ.

ಲ್ಯಾಬಿಗೆ ಹೋಗುವ ಮಣ್ಣನ್ನು ಆ ಚೀಲದಿಂದ ತೆಗೆಯಬೇಡಿ. ಅದರ ಆವಿ ಆಗಲೇ ಹಾರಿದೆ. ಕೊರೆತದಿಂದ ಬಂದ ಗಟ್ಟಿ ತುಂಡಿನಿಂದ ತಕ್ಷಣ ತೆಗೆದು ಮೆಥನಾಲ್ ಇರುವ ಬಾಟಲಿಗೆ ಹಾಕಿ. ನಾಲ್ಕು ಕಡೆಯ ಮಣ್ಣನ್ನು ಕಲಸಿ ಒಂದೇ ಮಾದರಿ ಮಾಡುವುದು ಬೇರೆ ಪರೀಕ್ಷೆಗಳಿಗೆ ಸರಿ, ಬೆಂಜೀನ್‌ಗೆ ಅಲ್ಲ. ಕಲಸುವಾಗಲೇ ಅದು ಗಾಳಿಗೆ ಹೋಗಿರುತ್ತದೆ.

ನಿಗಾ ಬಾವಿಗಳು

ನಿಗಾ ಬಾವಿ ಎಂದರೆ ನೀರಿನ ಮಟ್ಟ ಅಳೆಯಲು, ಮಾದರಿ ತೆಗೆಯಲು ಕೊರೆದ ಬಾವಿ. ಅಂತರ್ಜಲದ ದಿಕ್ಕು ತಿಳಿಯಲು ಇಂಥ ಕನಿಷ್ಠ ಮೂರು ಬಾವಿ ಬೇಕು. ಒಂದೇ ಗೆರೆಯಲ್ಲಿ ಬೇಡ, ತ್ರಿಕೋನದಲ್ಲಿ ಇರಲಿ. ಪ್ರತಿ ಬಾವಿಯ ಪೈಪಿನ ತುದಿಯ ಎತ್ತರವನ್ನು ಸರ್ವೆ ಮಾಡಿಸಿ. ಕೆಲವು ಸೆಂಟಿಮೀಟರ್ ತಪ್ಪಿದರೂ ದಿಕ್ಕು ತಲೆಕೆಳಗಾಗುತ್ತದೆ. ನೆಲದ ಇಳಿಜಾರು ನೋಡಿ ಅಂತರ್ಜಲವೂ ಹಾಗೇ ಹರಿಯುತ್ತದೆ ಎಂದು ಊಹಿಸುವುದು ಆಗಾಗ ಕೈಕೊಡುತ್ತದೆ. ಪಕ್ಕದಲ್ಲಿ ದೊಡ್ಡ ಬೋರ್‌ವೆಲ್ ಓಡುತ್ತಿದ್ದರಂತೂ ನೀರು ಅದರ ಕಡೆ ತಿರುಗಿರುತ್ತದೆ.

ಬಾವಿಯ ಜಾಲರಿ ಪೈಪ್, ಅಂದರೆ ನೀರು ಒಳಬರುವ ಸೀಳುಗಳಿರುವ ಭಾಗ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಚಾಚಿರಬೇಕು. ಜಾಲರಿ ಪೂರ್ತಿ ನೀರಿನೊಳಗೆ ಮುಳುಗಿದ್ದರೆ ತೇಲುವ ಇಂಧನ ಬಾವಿಯೊಳಗೆ ಬರಲು ದಾರಿಯೇ ಇಲ್ಲ. ಸುತ್ತ ಬೆರಳು ದಪ್ಪ ಪೆಟ್ರೋಲ್ ಇದ್ದರೂ ಬಾವಿ 'ಸ್ವಚ್ಛ' ಎನ್ನುತ್ತದೆ. ಕುಡಿಯುವ ನೀರಿಗಾಗಿ ಕೊರೆದ ಆಳದ ಬೋರ್‌ವೆಲ್ ಮೊದಲ ತನಿಖೆಗೆ ಒಗ್ಗದಿರುವುದು ಇದಕ್ಕೇ. ಬಹಳ ಪದರಗಳ ನೀರು ಬೆರೆತು ಮಾಲಿನ್ಯ ತೆಳುವಾಗಿ ಕಾಣುತ್ತದೆ. ಕೊಳಕು ಪದರದ ಮೂಲಕ ಆಳಕ್ಕೆ ಕೊರೆದು ಸರಿಯಾಗಿ ಸೀಲ್ ಮಾಡದಿದ್ದರೆ, ತನಿಖೆಯ ಬಾವಿಯೇ ಕೆಳಗಿನ ಒಳ್ಳೆ ನೀರಿಗೆ ದಾರಿ ಮಾಡಿಕೊಡುತ್ತದೆ.

ತೇಲುವ ಇಂಧನ ಸಿಕ್ಕಿದರೆ ಅದರ ಭಾರ ನೀರಿನ ಮಟ್ಟವನ್ನು ಕೆಳಕ್ಕೆ ಒತ್ತಿರುತ್ತದೆ. ಬಾವಿಯಲ್ಲಿ 60 ಸೆಂ.ಮೀ. ಪೆಟ್ರೋಲ್, ಸಾಂದ್ರತೆ 0.74 ಎಂದರೆ ನೀರಿನ ನಿಜ ಮಟ್ಟ ಎರಡೂ ಕೂಡುವ ಗೆರೆಗಿಂತ ಸುಮಾರು 44 ಸೆಂ.ಮೀ. ಮೇಲಿದೆ. ಈ ತಿದ್ದುಪಡಿ ಮರೆತರೆ ಹರಿವಿನ ನಕ್ಷೆಯಲ್ಲಿ ಟ್ಯಾಂಕಿನ ಸುತ್ತ ಇಲ್ಲದ ಗುಂಡಿ ಕಾಣುತ್ತದೆ. ಬಾವಿಯ 60 ಸೆಂ.ಮೀ. ಹೊರಗಿನ ಮಣ್ಣಿನಲ್ಲೂ 60 ಸೆಂ.ಮೀ. ಇದೆ ಎಂದು ಗುಣಿಸಿ ಸಾವಿರಾರು ಲೀಟರ್ ಲೆಕ್ಕ ಹಾಕುವುದೂ ತಪ್ಪು. ಸಣ್ಣ ಕಣದ ಮಣ್ಣಿನಲ್ಲಿ ಬಾವಿ ಉತ್ಪ್ರೇಕ್ಷೆ ಮಾಡುತ್ತದೆ.

ವೇಗದ ಅಂದಾಜಿಗೆ ಸರಳ ಸೂತ್ರವಿದೆ: ಮಣ್ಣಿನ ನೀರು ಹರಿಸುವ ಗುಣವನ್ನು ಅಂತರ್ಜಲ ಮಟ್ಟದ ಇಳಿಜಾರಿನಿಂದ ಗುಣಿಸಿ, ರಂಧ್ರದ ಪಾಲಿನಿಂದ ಭಾಗಿಸಿ. ದಿನಕ್ಕೆ 5 ಮೀಟರ್ ಹರಿಸುವ ಮರಳು, 0.005 ಇಳಿಜಾರು, 0.25 ರಂಧ್ರ ಎಂದರೆ ದಿನಕ್ಕೆ 10 ಸೆಂ.ಮೀ., ವರ್ಷಕ್ಕೆ 36 ಮೀಟರ್. ಬೆಂಜೀನ್ ಇದಕ್ಕಿಂತ ನಿಧಾನ, ಮಣ್ಣಿಗೆ ಅಂಟುತ್ತಾ ಹೋಗುತ್ತದೆ. ಕೆಲವು ಪೆಟ್ರೋಲುಗಳಲ್ಲಿ ಬೆರೆಸುವ ಎಂಟಿಬಿಇ ಎಲ್ಲಿಯೂ ಅಂಟದೆ ಹೆಚ್ಚುಕಡಿಮೆ ನೀರಿನ ವೇಗದಲ್ಲೇ ಓಡುತ್ತದೆ. ದೂರದ ಬಾವಿಯಲ್ಲಿ ಬೆಂಜೀನ್ ಇಲ್ಲ, ಎಂಟಿಬಿಇ ಇದೆ ಎಂದರೆ ಹಿಂದೆ ಬರುತ್ತಿರುವುದು ಏನು ಎಂದು ಯೋಚಿಸಿ.

ನೀರಿನ ಮಾದರಿ

ಬಾವಿಯಲ್ಲಿ ನಿಂತ ನೀರು ಸುತ್ತಲಿನ ನೀರಲ್ಲ. ನಿಮಿಷಕ್ಕೆ 0.1ರಿಂದ 0.5 ಲೀಟರ್ ವೇಗದಲ್ಲಿ ಮೆಲ್ಲಗೆ ಪಂಪ್ ಮಾಡಿ. ಪಿಎಚ್, ವಾಹಕತೆ, ಕರಗಿದ ಆಮ್ಲಜನಕ ಬದಲಾಗದೆ ನಿಂತ ಮೇಲೆ ತುಂಬಿಸಿ. ಬಾಟಲಿ 40 ಮಿಲಿಲೀಟರ್‌ನದು, ಒಳಗೆ ಒಂದು ಗುಳ್ಳೆಯೂ ಇರಬಾರದು. ತಲೆಕೆಳಗೆ ಮಾಡಿ ತಟ್ಟಿ ನೋಡಿ. ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಟ್ಟು, 4 ಡಿಗ್ರಿಯಲ್ಲಿ ತಣ್ಣಗಿಟ್ಟರೆ 14 ದಿನದೊಳಗೆ ಪರೀಕ್ಷೆ ಆಗಬೇಕು. ಕಡಿಮೆ ಕೆಟ್ಟಿರಬಹುದಾದ ಬಾವಿಯಿಂದ ಶುರು ಮಾಡಿ ಹೆಚ್ಚು ಕೆಟ್ಟಿದ್ದರ ಕಡೆ ಹೋಗಿ. ಪಂಪ್ ಓಡಿಸುವ ಪೆಟ್ರೋಲ್ ಜನರೇಟರ್ ಬಾವಿಯಿಂದ ದೂರ, ಅದರ ಹೊಗೆಯನ್ನು ಗಾಳಿ ಬಾವಿಯ ಕಡೆ ತರದ ದಿಕ್ಕಿಗೆ ಇರಲಿ. ಅದಕ್ಕೆ ಇಂಧನ ಸುರಿದ ಕೈಯಲ್ಲೇ ಬಾಟಲಿ ಮುಟ್ಟುವವರನ್ನು ನೋಡಿದ್ದೇನೆ. ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ಬಂದ ಒಂದು ಬಾಟಲಿ ಮಾದರಿಗಳ ಜೊತೆ ಹೋಗಿ ಬರಲಿ. ಅದರಲ್ಲೂ ಟಾಲುಯೀನ್ ಬಂದರೆ ದೋಷ ಬಾವಿಯದಲ್ಲ.

ವರದಿ ನೋಡಿ ಗೊಂದಲವಾದಾಗ

*ವಾಸನೆ ಇದೆ, ಲ್ಯಾಬಿನಲ್ಲಿ ಏನೂ ಇಲ್ಲ.* ಯಾವುದನ್ನು ಪರೀಕ್ಷಿಸಲು ಹೇಳಿದ್ದೀರಿ ನೋಡಿ. ಡೀಸೆಲ್ ಅನುಮಾನಕ್ಕೆ ಬೆಂಜೀನ್ ಗುಂಪನ್ನು ಮಾತ್ರ ಕೇಳಿದರೆ ಹೀಗೇ. ಡೀಸೆಲ್‌ಗೆ ಹೆಚ್ಚು ಇಂಗಾಲವಿರುವ ಪೆಟ್ರೋಲಿಯಂ ಹೈಡ್ರೋಕಾರ್ಬನ್‌ಗಳ ಪರೀಕ್ಷೆ, ನ್ಯಾಫ್ತಲೀನ್ ಪರೀಕ್ಷೆ ಬೇಕು. ಪತ್ತೆಯ ಕೆಳಮಿತಿ ಎಷ್ಟೆಂದೂ ನೋಡಿ. ಲೀಟರಿಗೆ 50 ಮೈಕ್ರೋಗ್ರಾಂವರೆಗೆ ಮಾತ್ರ ಕಾಣುವ ವಿಧಾನಕ್ಕೆ 10ರ ಮಿತಿ ಗೊತ್ತಾಗುವುದು ಹೇಗೆ?

*ಬೇಸಿಗೆಯಲ್ಲಿ ದಿಢೀರನೆ ಇಂಧನ ಪದರ ಬಂತು.* ಹೊಸ ಸೋರಿಕೆಯೇ ಇರಬೇಕೆಂದಿಲ್ಲ. ಮಳೆಗಾಲದಲ್ಲಿ ನೀರು ಏರಿ ಇಂಧನವನ್ನು ಮಣ್ಣಿನ ಸಂದುಗಳಲ್ಲಿ ಮುಳುಗಿಸಿ ಹಿಡಿದಿತ್ತು. ನೀರು ಇಳಿದಾಗ ಅದು ಬಿಡುಗಡೆಯಾಗಿ ಬಾವಿಗೆ ಬಂತು. ಇದೇ ಕಾರಣಕ್ಕೆ ಮಳೆಗಾಲದಲ್ಲಿ ಪದರ ಮಾಯವಾದರೆ ಶುದ್ಧವಾಯಿತು ಎಂದು ಕಡತ ಮುಚ್ಚಬೇಡಿ.

*ಹತ್ತಿರದ ಬಾವಿ ಸ್ವಚ್ಛ, ದೂರದ್ದು ಕೆಟ್ಟಿದೆ.* ಕಾಲುವೆ, ಬಂಡೆ ಬಿರುಕು, ಪಕ್ಕದ ಪಂಪಿಂಗ್ ನೋಡಿ. ಮೇಲಿನಿಂದ ಮಳೆನೀರು ಇಂಗಿ ಕೆಟ್ಟ ನೀರನ್ನು ಆಳಕ್ಕೆ ತಳ್ಳಿರಬಹುದು. ಆಗ ಅದು ಹತ್ತಿರದ ಬಾವಿಯ ಜಾಲರಿಯ ಕೆಳಗೇ ನುಸುಳಿ ಹೋಗುತ್ತದೆ. 'ಸ್ವಚ್ಛ' ಬಾವಿಯಲ್ಲಿ ಕರಗಿದ ಆಮ್ಲಜನಕ ಬಹಳ ಕಡಿಮೆ, ಕಬ್ಬಿಣ ಜಾಸ್ತಿ, ಸಲ್ಫೇಟ್ ಕಡಿಮೆ ಇದ್ದರೆ ಅನುಮಾನ ಬಿಡಬೇಡಿ. ಸೂಕ್ಷ್ಮಜೀವಿಗಳು ಹತ್ತಿರದಲ್ಲೆಲ್ಲೋ ಇಂಧನ ತಿನ್ನುತ್ತಿರಬಹುದು.

*ಇದು ನಮ್ಮ ಟ್ಯಾಂಕಿನದಲ್ಲ.* ಈ ವಾದ ಬಂದೇ ಬರುತ್ತದೆ, ಕೆಲವೊಮ್ಮೆ ನಿಜವೂ ಇರುತ್ತದೆ. ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದ ನಕ್ಷೆಯಲ್ಲಿ ಪೆಟ್ರೋಲ್, ಡೀಸೆಲ್ ಬೇರೆ ಬೇರೆಯಾಗಿ ಕಾಣುತ್ತವೆ. ತಾಜಾ ಡೀಸೆಲಿನಲ್ಲಿ ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳು ಸಾಲಾಗಿ ಎದ್ದು ಕಾಣುತ್ತವೆ. ಹಳತಾದಂತೆ ಅವು ಮೊದಲು ಮಾಯವಾಗಿ ಕವಲು ಸರಪಳಿಯ ಪ್ರಿಸ್ಟೇನ್, ಫೈಟೇನ್ ಉಳಿಯುತ್ತವೆ. ಸೀಸದ ಸಂಯುಕ್ತ ಸಿಕ್ಕಿದರೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕಾಲದ ಹಳೆ ಸೋರಿಕೆಯ ಕಡೆ ನೋಡಿ. ವಾಹನಗಳಿಗೆ ಅದರ ಮಾರಾಟ ಜಗತ್ತಿನಲ್ಲೆಲ್ಲ ನಿಂತದ್ದು 2021ರಲ್ಲಿ, ಎಷ್ಟೋ ದೇಶಗಳಲ್ಲಿ ಅದಕ್ಕೂ ಬಹಳ ಮೊದಲೇ. ಈ ಯಾವ ಸುಳಿವೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ಹರಿವಿನ ಮೇಲ್ಭಾಗದಲ್ಲಿ ಒಂದು ಬಾವಿ ಇದ್ದು, ಅದು ಸ್ವಚ್ಛವಾಗಿದ್ದರೆ ಅರ್ಧ ಜಗಳ ಮುಗಿಯುತ್ತದೆ.

ಎಲ್ಲಿಗೆ ನಿಲ್ಲಿಸಬೇಕು, ಟ್ಯಾಂಕ್ ಎತ್ತುವಾಗ ಏನು ಮಾಡಬೇಕು

ನಾಲ್ಕೂ ಬದಿಗೆ, ಆಳಕ್ಕೂ ಸ್ವಚ್ಛ ಅಂಚು ಸಿಕ್ಕಬೇಕು. ನೀರು ಏರಿದ ಕಾಲ, ಇಳಿದ ಕಾಲ ಎರಡರಲ್ಲೂ ಅಳೆದಿರಬೇಕು. ಅಷ್ಟಾದರೆ ನಕ್ಷೆ ನಂಬಬಹುದು.

ಟ್ಯಾಂಕ್ ಹೊರತೆಗೆಯುವುದಾದರೆ ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ. ಒಳಗೆಲ್ಲ ಆವಿ. ಆವಿ ತೆಗೆದು, ಮೀಟರ್‌ನಲ್ಲಿ ಖಚಿತ ಮಾಡಿಕೊಂಡೇ ಕತ್ತರಿಸಬೇಕು. ಎತ್ತಿದ ಕೂಡಲೇ ಟ್ಯಾಂಕಿನ ತಳವನ್ನು ಕೆರೆದು ತೂತು ಎಲ್ಲಿದೆ ಎಂದು ಫೋಟೋ ತೆಗೆಯಿರಿ. ಗುಂಡಿಯ ತಳ, ನಾಲ್ಕು ಗೋಡೆ, ಪ್ರತಿ ಪೈಪ್ ಜೋಡಣೆಯ ಕೆಳಗಿನ ಮಣ್ಣು ಬೇರೆ ಬೇರೆಯಾಗಿ ಲ್ಯಾಬಿಗೆ ಹೋಗಲಿ. ಗುಂಡಿಯಲ್ಲಿ ನೀರಿದ್ದರೆ ಅದೂ. ಈ ಮಾದರಿಗಳನ್ನು ತೆಗೆಯಲು ಅವಕಾಶ ಆ ಒಂದು ದಿನ ಮಾತ್ರ. ಜಲ್ಲಿ ತುಂಬುವ ಲಾರಿ ಹೊರಗೆ ಹಾರ್ನ್ ಹೊಡೆಯುತ್ತಿದ್ದರೂ ಕಾಯಲಿ. ಅದೇ ಗುಂಡಿಗೆ ಹೊಸ ಟ್ಯಾಂಕ್ ಇಳಿಸುವವರಿದ್ದರೆ ಇವತ್ತಿನ ವರದಿಯ ಪ್ರತಿಯನ್ನು ಹೊಸ ಟ್ಯಾಂಕಿನ ಕಾಗದಪತ್ರಗಳ ಜೊತೆಗೇ ಇಡಿ. ಮುಂದೆ ಬೆಂಜೀನ್ ಸಿಕ್ಕಿದರೆ ಅದು ಹಳೆಯದೋ ಹೊಸದೋ ಎಂದು ಹೋಲಿಸಲು ಇದೇ ಬೇಕಾಗುತ್ತದೆ.